ಒಂದೇ ಡಬ್ಬಿಯಲ್ಲಿ ಎರಡು ಬಟ್ಟಲಣಬೆ: ಗುರುತು ಹಿಡಿಯುವಾಗ ದಾರಿ ತಪ್ಪಿದ ಒಂದು ಪ್ರಕರಣ

ಕಿತ್ತಳೆ ಬಣ್ಣದ, ಅಂಚಿನ ಸುತ್ತ ಕಪ್ಪು ಕೂದಲಿರುವ ಪುಟ್ಟ ಬಟ್ಟಲಣಬೆಗೆ ಹೆಸರು ಹುಡುಕಲು ಹೊರಟ ಒಬ್ಬರ ಕಥೆ ಇದು. ಬರೆಯಲು ಅವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದರು. ಹಾಗಾಗಿ ಇಲ್ಲಿ ಅವರು ಬರೀ 'ಹವ್ಯಾಸಿ'. ಅವರಿಗೆ ಸಹಾಯ ಮಾಡಿದವರು ವರ್ಷಗಳಿಂದ ಬಟ್ಟಲಣಬೆ ನೋಡುತ್ತಾ ಬಂದವರು, ಅವರನ್ನು 'ಮೇಡಂ' ಎನ್ನುತ್ತೇನೆ. ಜಾಗದ ವಿವರ ಬಿಟ್ಟಿದ್ದೇನೆ. ಹವ್ಯಾಸಿಯ ಟಿಪ್ಪಣಿ, ಫೋಟೊ, ಅಳತೆಗಳ ಪಟ್ಟಿ ಮೂರನ್ನೂ ಮುಂದಿಟ್ಟುಕೊಂಡು ಬರೆದದ್ದರಿಂದ ಅಂಕಿಗಳೆಲ್ಲ ಅಲ್ಲಿಂದಲೇ ಬಂದವು.

ಹಿನ್ನೆಲೆ

ಹವ್ಯಾಸಿಗೆ ದೊಡ್ಡ ಅಣಬೆಗಳ ಪರಿಚಯ ಚೆನ್ನಾಗಿಯೇ ಇತ್ತು. ಕೊಡೆಯಾಕಾರದವನ್ನು ಬೀಜಾಣು ಅಚ್ಚು ತೆಗೆದು, ವಾಸನೆ ನೋಡಿ, ಕತ್ತರಿಸಿದಾಗ ಬಣ್ಣ ಬದಲಾಗುತ್ತದಾ ಎಂದು ನೋಡಿ ಕುಲದ ಮಟ್ಟಕ್ಕೆ ತರುತ್ತಿದ್ದರು. ಮೈಕ್ರೋಸ್ಕೋಪು ಹೊಸದಾಗಿ ಬಂದಿತ್ತು. ಅದರ ಐಪೀಸ್‌ನಲ್ಲಿ ಅಳತೆಯ ಗೆರೆಗಳಿದ್ದವು. ಪ್ರತಿ ಆಬ್ಜೆಕ್ಟಿವ್‌ಗೂ ಬೇರೆ ಬೇರೆಯಾಗಿ ಆ ಗೆರೆಗಳ ಬೆಲೆ ಎಷ್ಟು ಎಂದು ಸ್ಟೇಜ್ ಮೈಕ್ರೋಮೀಟರ್ (ಅಳತೆ ಗೊತ್ತಿರುವ ಗೆರೆಗಳ ಸ್ಲೈಡ್) ಇಟ್ಟು ಲೆಕ್ಕ ಹಾಕಿಕೊಂಡಿದ್ದರು. ಎಷ್ಟೋ ಜನ ಇದನ್ನು ಮಾಡದೆ ಹಾಗೇ ಅಳೆಯಲು ಕೂರುತ್ತಾರೆ, ಇವರು ಮಾಡಿದ್ದರು. ಮುಂದೆ ಆದ ಗೊಂದಲಕ್ಕೆ ಅಳತೆ ಕಾರಣವಲ್ಲ ಎಂದು ಧೈರ್ಯವಾಗಿ ಹೇಳಲು ಆಗಿದ್ದು ಅದರಿಂದಲೇ.

ಸಿಕ್ಕಿದ್ದು ನೀರಿನ ಹರಿವಿನ ಪಕ್ಕ ಬಿದ್ದ ಒಂದು ಮರದ ದಿಮ್ಮಿಯ ಮೇಲೆ. ತೊಗಟೆ ಉದುರಿ ಹೋಗಿತ್ತು, ಮರ ಮೆತ್ತಗಾಗಿತ್ತು, ಅಲ್ಲಲ್ಲಿ ಪಾಚಿ. ಬಟ್ಟಲುಗಳು 2ರಿಂದ 6 ಮಿಲಿಮೀಟರ್. ಕಾಂಡ ಇಲ್ಲ, ನೇರವಾಗಿ ಮರಕ್ಕೆ ಅಂಟಿದ್ದವು. ಚಿಕ್ಕವು ಕುಳಿಯಂತೆ ಆಳ, ದೊಡ್ಡವು ಹೆಚ್ಚುಕಡಿಮೆ ಚಪ್ಪಟೆ. ಒಳಮೈ ಹೊಳೆಯುವ ಕೆಂಪು ಕಿತ್ತಳೆ, ಹೊರಮೈ ಮಂಕು. ಅಂಚಿನಲ್ಲಿ ಕಣ್ಣಿನ ರೆಪ್ಪೆಯ ಹಾಗೆ ಸೆಟೆದು ನಿಂತ ಕಪ್ಪು ಕಂದು ಕೂದಲು, ಬರಿಗಣ್ಣಿಗೇ ಕಾಣುವಷ್ಟು ಉದ್ದ. ದಿಮ್ಮಿಯ ಕೆಳಗಿನ ಒದ್ದೆ ಮಣ್ಣಿನ ಮೇಲೂ ಗೇಣಳತೆಯ ದೂರದಲ್ಲಿ ಅದೇ ಬಣ್ಣದ, ಅದೇ ರೆಪ್ಪೆಯ ಬಟ್ಟಲುಗಳಿದ್ದವು, ಸ್ವಲ್ಪ ಚಿಕ್ಕವು. ದಿಮ್ಮಿಯದ್ದನ್ನು ಒಂದು ತುಂಡು ಮರದ ಸಮೇತ, ಮಣ್ಣಿನದ್ದನ್ನು ಚಿಟಿಕೆ ಮಣ್ಣಿನ ಸಮೇತ ತೆಗೆದು ಒಂದೇ ಡಬ್ಬಿಗೆ ಹಾಕಿದರು. ಟಿಪ್ಪಣಿಯಲ್ಲಿ ಬರೆದದ್ದು: "ಕೊಳೆತ ಮರ ಮತ್ತು ಪಕ್ಕದ ಮಣ್ಣು." ಅವರ ಕಣ್ಣಿಗೆ ಅದು ಒಂದೇ ಅಣಬೆ, ಮರದಿಂದ ಮಣ್ಣಿಗೆ ಇಳಿದದ್ದು ಅಷ್ಟೇ.

ಫೋನಿನ ಆ್ಯಪ್ ತಕ್ಷಣ ಹೇಳಿದ್ದು ಸ್ಕುಟೆಲ್ಲೀನಿಯಾ ಸ್ಕುಟೆಲ್ಲಾಟಾ. ಇದರಲ್ಲಿ ಆಶ್ಚರ್ಯ ಇಲ್ಲ. 1753ರಲ್ಲಿ ಲಿನೇಯಸ್ ಪೆಝೀಝಾ ಸ್ಕುಟೆಲ್ಲಾಟಾ ಎಂದು ವಿವರಿಸಿದ ಅಣಬೆ ಇದು. ಅಷ್ಟು ಹಳೆಯ, ಅಷ್ಟು ಬಳಕೆಯ ಹೆಸರು ಇರುವುದರಿಂದ ರೆಪ್ಪೆ ಇರುವ ಪ್ರತಿ ಕಿತ್ತಳೆ ಬಟ್ಟಲಿಗೂ ಜನ ಇದನ್ನೇ ಅಂಟಿಸುತ್ತಾರೆ. ಆದರೆ ಸ್ಕುಟೆಲ್ಲೀನಿಯಾ ಎಂಬ ಈ ಕುಲದಲ್ಲಿ ಹತ್ತಾರು ಪ್ರಭೇದಗಳಿವೆ. ನಾರ್ವೆಯ ಅಣಬೆ ತಜ್ಞ ಟ್ರೊಂಡ್ ಶುಮಾಕರ್ 1990ರಲ್ಲಿ ಇಡೀ ಕುಲವನ್ನು ಪರಿಷ್ಕರಿಸಿದಾಗಲೂ ಪ್ರಭೇದಗಳನ್ನು ಬೇರ್ಪಡಿಸುವ ಭಾರ ಬಿದ್ದದ್ದು ಬೀಜಾಣು ಮತ್ತು ಕೂದಲಿನ ಮೇಲೆ. ಫೋಟೊ ನೋಡಿ ಕುಲ ಹೇಳಬಹುದು, ಪ್ರಭೇದ ಹೇಳುವುದು ಊಹೆ. ನನ್ನ ಪ್ರಕಾರ ಫೋಟೊ ಮಾತ್ರ ಇರುವ ದಾಖಲೆಗಳಲ್ಲಿ ಬಹುಪಾಲನ್ನು ಬರೀ ಸ್ಕುಟೆಲ್ಲೀನಿಯಾ ಎಂದು ಬಿಡುವುದೇ ಸರಿ.

ಹೊರಗೆ ಕಂಡ ಲಕ್ಷಣಗಳು ಎಷ್ಟು ದೂರ ಒಯ್ದವು

ಸಾಕಷ್ಟು ದೂರ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ ಮೈಕ್ರೋಸ್ಕೋಪು ಬಂದ ಮೇಲೆ ಹ್ಯಾಂಡ್ ಲೆನ್ಸನ್ನು ಕಡೆಗಣಿಸುವ ಅಭ್ಯಾಸ ಜಾಸ್ತಿ. ಹತ್ತು ಪಟ್ಟಿನ ಲೆನ್ಸ್ ಇಟ್ಟು ನೋಡಿ ಹವ್ಯಾಸಿ ಬರೆದುಕೊಂಡದ್ದು ಮುಂದೆ ಅವರನ್ನು ಕಾಪಾಡಿತು. ನೋಡಲು ಹೋಲುವ ಬೇರೆ ಕುಲಗಳನ್ನು ಒಂದೊಂದಾಗಿ ಬಿಡುತ್ತಾ ಬಂದರು. ಕೂದಲು ಇರುವುದರಿಂದ ಅಲ್ಯೂರಿಯಾ ಅಲ್ಲ, ಅದರ ಅಂಚು ಹೀಗೆ ಕೂದಲು ಬಿಡುವುದಿಲ್ಲ. ಮೆಲಾಸ್ಟೀಝಾಕ್ಕೂ ಕಂದು ಕೂದಲಿದೆ, ಆದರೆ ಅವು ಗಿಡ್ಡ, ಮೊಂಡು, ಹೊರಮೈಗೆ ಒರಗಿಕೊಂಡಿರುತ್ತವೆ, ಹೀಗೆ ಸೆಟೆದು ನಿಲ್ಲುವುದಿಲ್ಲ. ಆಂಥ್ರಕೋಬಿಯಾ ಬೆಂಕಿ ಬಿದ್ದ ನೆಲದ್ದು, ಇಲ್ಲಿ ಸುಟ್ಟ ಗುರುತೇ ಇಲ್ಲ. ಕೈಲಿಮೇನಿಯಾ ಹೆಚ್ಚಾಗಿ ಸಗಣಿ, ಲದ್ದಿಯ ಮೇಲೆ ಬರುತ್ತದೆ, ಅದರ ಕೂದಲು ಇಷ್ಟು ಕಪ್ಪಾಗಿರುವುದು ಕಡಿಮೆ. ಬಿಳಿ ಕೂದಲಿನ, ಪುಟ್ಟ ಕಾಂಡದ ಲ್ಯಾಕ್ನಮ್ ಥರದವು ಇನ್ನೊಂದು ದೊಡ್ಡ ಗುಂಪಿಗೇ ಸೇರಿದವು. ಅಂದರೆ ಮನೆಗೆ ಬರುವ ಮೊದಲೇ ಸ್ಕುಟೆಲ್ಲೀನಿಯಾ ಎಂಬುದು ಹೆಚ್ಚುಕಡಿಮೆ ಗಟ್ಟಿಯಾಗಿತ್ತು.

ಸಮಸ್ಯೆ ಶುರುವಾದದ್ದು

ಮೊದಲ ಸ್ಲೈಡ್ ಮಾಡಿದ್ದು ಅಯೋಡಿನ್ ಇರುವ ಮೆಲ್ಝರ್ ದ್ರಾವಣದಲ್ಲಿ. ಡಬ್ಬಿಯಿಂದ ಕೈಗೆ ಸಿಕ್ಕ ಒಂದು ಬಟ್ಟಲಿನ ಚೂರು, ಮೇಲೆ ಕವರ್ ಸ್ಲಿಪ್, ಪೆನ್ಸಿಲ್ ಹಿಂಬದಿಯಿಂದ ಒತ್ತಿದ್ದು. ಆಮೇಲೆ ಬೇರೆ ಬಟ್ಟಲುಗಳಿಂದ ಇನ್ನಷ್ಟು ಸ್ಲೈಡ್. ಟಿಪ್ಪಣಿಯಲ್ಲಿ ಮೂರು ಸಾಲು ಇದ್ದವು: ಬೀಜಾಣು ನುಣುಪು. ಅಯೋಡಿನ್‌ನಲ್ಲಿ ನೀಲಿ. ಬೀಜಾಣು ಕೆಲವು ಅಂಡಾಕಾರ, ಕೆಲವು ದುಂಡಗೆ.

ಮೂರೂ ಕಂಡದ್ದೇ, ಕಲ್ಪನೆ ಅಲ್ಲ. ಮೂರಕ್ಕೂ ಬೇರೆ ಅರ್ಥ ಇತ್ತು ಅಷ್ಟೇ.

ಗುರುತಿಸುವ ಕೀ (ಹೌದು, ಇಲ್ಲ ಎಂದು ಆರಿಸುತ್ತಾ ಹೆಸರಿಗೆ ತಲುಪುವ ಪ್ರಶ್ನೆಗಳ ಪಟ್ಟಿ) ಹಿಡಿದು ಹೊರಟರೆ "ಆಸ್ಕಸ್ ತುದಿ ಅಯೋಡಿನ್‌ನಲ್ಲಿ ನೀಲಿ" (ಆಸ್ಕಸ್ ಎಂದರೆ ಬೀಜಾಣು ತುಂಬಿದ ಚೀಲ) ಎನ್ನುವ ಕವಲಿನಲ್ಲಿ ಹೌದು ಎಂದ ಕೂಡಲೇ ಅದು ಪೆಝೀಝಾ ಎಂಬ ಕುಲ ಮತ್ತು ಅದರ ನಂಟಸ್ತರ ಕಡೆ ಒಯ್ಯುತ್ತದೆ. ನುಣುಪು ಬೀಜಾಣು ಎಂದರೆ ಇನ್ನೂ ಒಳಗೆ. ಅಲ್ಲಿ ಕಪ್ಪು ರೆಪ್ಪೆಯ ಕಿತ್ತಳೆ ಬಟ್ಟಲು ಇಲ್ಲವೇ ಇಲ್ಲ. ಹವ್ಯಾಸಿ ಇಲ್ಲಿ ನಿಂತರು, ಇದು ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ. ಕೀ ಹೇಳಿದ್ದಕ್ಕೆ ಹೊಂದಿಸಲು "ಕೂದಲು ಬಹುಶಃ ಮಣ್ಣಿನ ಕಸ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವವರನ್ನು ನಾನು ನೋಡಿದ್ದೇನೆ. ಲೆನ್ಸಿನಲ್ಲಿ ಸ್ಪಷ್ಟವಾಗಿ ಕಂಡದ್ದು ಮತ್ತು ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಒಂದಕ್ಕೊಂದು ಹೊಂದದಿದ್ದರೆ ಎರಡರಲ್ಲಿ ಒಂದನ್ನು ನಾವು ತಪ್ಪಾಗಿ ಓದುತ್ತಿದ್ದೇವೆ ಎಂದರ್ಥ. ಯಾವುದನ್ನು ಎಂದು ಗೊತ್ತಾಗುವವರೆಗೆ ಕೀಯಲ್ಲಿ ಮುಂದೆ ಹೋಗಬಾರದು.

ನೀಲಿ ಎಲ್ಲಿತ್ತು?

ಅಯೋಡಿನ್ ವಿಷಯ ಬೇಗ ಬಗೆಹರಿಯಿತು. ಬಟ್ಟಲಿನ ಒಳಮೈಯಲ್ಲಿ ಎರಡು ಥರದ ಉದ್ದನೆಯ ಜೀವಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಬೀಜಾಣು ತುಂಬಿದ ಚೀಲಗಳು, ಅಂದರೆ ಆಸ್ಕಸ್‌ಗಳು, ಮತ್ತು ಅವುಗಳ ನಡುವೆ ತೆಳ್ಳಗಿನ ಪ್ಯಾರಾಫೈಸಿಸ್. ಸ್ಕುಟೆಲ್ಲೀನಿಯಾದ ಕಿತ್ತಳೆ ಬಣ್ಣ ಇರುವುದು ಈ ಪ್ಯಾರಾಫೈಸಿಸ್‌ನ ಒಳಗಿನ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತುವಿನ ಕಣಗಳಲ್ಲಿ. ಕ್ಯಾರೊಟಿನಾಯ್ಡ್‌ಗೆ ಅಯೋಡಿನ್ ತಾಗಿದರೆ ಹಸಿರು, ನೀಲಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ದಪ್ಪ ಸ್ಲೈಡಿನಲ್ಲಿ ಕಡಿಮೆ ಪಟ್ಟಿನಲ್ಲಿ ನೋಡಿದರೆ ಇಡೀ ಮೇಲ್ಪದರವೇ ನೀಲಿ ಕಾಣುತ್ತದೆ, ಪ್ಯಾರಾಫೈಸಿಸ್ ತುದಿಯೂ ಆಸ್ಕಸ್ ತುದಿಯೂ ಒಂದೇ ಎತ್ತರದಲ್ಲಿ ಇರುವುದರಿಂದ.

ಮೇಡಂ ಹೇಳಿದ್ದು ಇಷ್ಟೇ: "ನೀಲಿ ಆಯ್ತಾ ಅಂತ ಬರೀಬೇಡಿ, ಯಾವುದು ನೀಲಿ ಆಯ್ತು ಅಂತ ಬರೀರಿ." ಹವ್ಯಾಸಿ ಇನ್ನೊಂದು ತೆಳ್ಳಗಿನ ಚೂರು ತೆಗೆದು, ಆಸ್ಕಸ್‌ಗಳು ಬಿಡಿಬಿಡಿಯಾಗುವಷ್ಟು ಒತ್ತಿ ನೋಡಿದರು. ಬಣ್ಣ ಪೂರ್ತಿ ಪ್ಯಾರಾಫೈಸಿಸ್‌ನ ಒಳಗಿತ್ತು. ಆಸ್ಕಸ್ ಗೋಡೆಗೆ, ತುದಿಗೆ ಯಾವ ಬಣ್ಣವೂ ಇಲ್ಲ. ಸ್ಕುಟೆಲ್ಲೀನಿಯಾ ಎಂದರೆ ಹಾಗೇ ಇರಬೇಕು. ಖಾಲಿಯಾದ ಆಸ್ಕಸ್‌ಗಳ ತುದಿಯಲ್ಲಿ ತೆರೆದ ಪುಟ್ಟ ಮುಚ್ಚಳವೂ ಕಂಡಿತು, ಅಂದರೆ ಮುಚ್ಚಳದ ಆಸ್ಕಸ್ ಇರುವ ಬಟ್ಟಲಣಬೆಗಳ ಪೆಝಿಝೇಲಿಸ್ ಗಣ ಎಂಬುದೂ ಖಾತ್ರಿ.

ಇಲ್ಲಿ ಒಂದು ಮಾತು ಪಕ್ಕಕ್ಕೆ. ಅಯೋಡಿನ್ ಪರೀಕ್ಷೆಗೆ ಮೆಲ್ಝರ್ ಒಂದನ್ನೇ ನೆಚ್ಚಿಕೊಳ್ಳುವುದು ಬೇಡ, ಲುಗಾಲ್ ಎಂಬ ಇನ್ನೊಂದು ಅಯೋಡಿನ್ ದ್ರಾವಣವೂ ಇರಲಿ. ಮುಚ್ಚಳವಿಲ್ಲದ ಆಸ್ಕಸ್‌ನ ಇನ್ನೂ ಸಣ್ಣ ಬಟ್ಟಲಣಬೆಗಳಲ್ಲಿ ಕೆಲವು ಲುಗಾಲ್‌ನಲ್ಲಿ ಕೆಂಪಾಗುತ್ತವೆ, ಮೆಲ್ಝರ್‌ನಲ್ಲಿ ಏನೂ ತೋರಿಸುವುದಿಲ್ಲ. ಜರ್ಮನಿಯ ಅಣಬೆ ತಜ್ಞ ಹಾನ್ಸ್-ಓಟ್ಟೊ ಬಾರಾಲ್ 1987ರಲ್ಲೇ ಇದನ್ನು ವಿವರವಾಗಿ ತೋರಿಸಿದರು. ಜೊತೆಗೆ ಮೆಲ್ಝರ್ ಜೀವಕೋಶಗಳನ್ನು ಕೊಲ್ಲುತ್ತದೆ. ಬೀಜಾಣುವಿನ ಒಳಗಿನ ಎಣ್ಣೆ ಹನಿಗಳು, ಪ್ಯಾರಾಫೈಸಿಸ್ ಒಳಗಿನ ಗುಳ್ಳೆಗಳು ಜೀವಂತ ಇರುವಾಗ ಒಂದು ಥರ, ಸತ್ತ ಮೇಲೆ ಇನ್ನೊಂದು ಥರ. ಹಾಗಾಗಿ ಮೊದಲ ಸ್ಲೈಡ್ ಯಾವಾಗಲೂ ಬರೀ ನೀರಿನಲ್ಲಿ. ಅದನ್ನು ನೋಡಿ, ಅಳೆದು, ಫೋಟೊ ತೆಗೆದು ಆದಮೇಲೆ ಬಣ್ಣ, ಪೊಟ್ಯಾಶ್, ಏನು ಬೇಕೋ ಹಾಕಿ.

ನುಣುಪು ಬೀಜಾಣುವಿನ ವಿಷಯ

ಸ್ಕುಟೆಲ್ಲೀನಿಯಾದ ಬಲಿತ ಬೀಜಾಣುವಿನ ಮೈಮೇಲೆ ಗಂಟು, ಮುಳ್ಳು ಅಥವಾ ಗೆರೆ ಇರುತ್ತದೆ. ಆ ಅಲಂಕಾರ ಬರುವುದು ಕೊನೆಯಲ್ಲಿ. ಆಸ್ಕಸ್ ಒಳಗಿನ ಎಳೆಯ ಬೀಜಾಣು ಪೂರ್ತಿ ಗಾತ್ರಕ್ಕೆ ಬೆಳೆದಿದ್ದರೂ ಮೈ ನುಣುಪಾಗಿಯೇ ಇರಬಹುದು. ಹವ್ಯಾಸಿ ನೋಡಿದ್ದು ಅಂಥವನ್ನೇ. ಅದೂ ಅಲ್ಲದೆ ನೀರಿನಂಥ ದ್ರಾವಣದಲ್ಲಿ ಸಣ್ಣ ಗಂಟುಗಳು ಬೆಳಕಿಗೆ ಸರಿಯಾಗಿ ಕಾಣುವುದೂ ಇಲ್ಲ.

ಪರಿಹಾರ ಎರಡು ಹಂತದ್ದು. ಮೊದಲು ತಾನಾಗಿ ಹೊರಬಿದ್ದ ಬೀಜಾಣು ಬೇಕು. ಇನ್ನೂ ತಾಜಾ ಇರುವ ಬಟ್ಟಲನ್ನು ಒದ್ದೆ ಟಿಶ್ಯೂ ಇಟ್ಟ ಮುಚ್ಚಿದ ಡಬ್ಬಿಯಲ್ಲಿಟ್ಟು, ಅದರ ಮೇಲೆ ಸ್ವಲ್ಪವೇ ಎತ್ತರದಲ್ಲಿ ಗಾಜು ಇಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಬೀಜಾಣು ಬಿದ್ದಿರುತ್ತವೆ, ಏಕೆಂದರೆ ಆಸ್ಕಸ್‌ಗಳು ಅವುಗಳನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಆಮೇಲೆ ಲ್ಯಾಕ್ಟಿಕ್ ಆಸಿಡ್‌ನಲ್ಲಿ ಕರಗಿಸಿದ ಕಾಟನ್ ಬ್ಲೂ ಎಂಬ ನೀಲಿ ಬಣ್ಣದ ಒಂದು ಹನಿ, ಸ್ಲೈಡನ್ನು ಸ್ವಲ್ಪ ಬೆಚ್ಚಗೆ ಮಾಡುವುದು (ಕುದಿಸುವುದಲ್ಲ). ಗಂಟುಗಳು ಬಣ್ಣ ಹೀರಿಕೊಂಡು ಎದ್ದು ಕಾಣುತ್ತವೆ. ನೂರು ಪಟ್ಟಿನ ಆಯಿಲ್ ಆಬ್ಜೆಕ್ಟಿವ್‌ನಲ್ಲಿ ಎರಡು ಕಡೆ ಫೋಕಸ್ ಮಾಡಬೇಕು. ಬೀಜಾಣುವಿನ ಮೇಲ್ಮೈಗೆ ಮಾಡಿದರೆ ಗಂಟುಗಳ ಜೋಡಣೆ ಗೊತ್ತಾಗುತ್ತದೆ, ನಡುವಿನ ಅಂಚಿಗೆ ಮಾಡಿದರೆ ಅವುಗಳ ಎತ್ತರ. ಉದ್ದ ಅಗಲ ಅಳೆಯುವಾಗ ಗಂಟುಗಳನ್ನು ಬಿಟ್ಟು ಅಳೆಯುವುದು ರೂಢಿ.

ಹವ್ಯಾಸಿ ಹೀಗೇ ಮಾಡಿದರು. ಗಂಟುಗಳು ಕಂಡವು, ಕುಲದ ಬಗ್ಗೆ ಇದ್ದ ಕೊನೆಯ ಅನುಮಾನವೂ ಹೋಯಿತು. ಆದರೆ ಗಾಜು ಇಟ್ಟದ್ದು ಇಡೀ ಡಬ್ಬಿಯ ಮೇಲೆ, ಒಂದು ಬಟ್ಟಲಿನ ಮೇಲಲ್ಲ.

ಸರಾಸರಿ ಹೇಳಿದ ಸುಳ್ಳು

ಆ ಗಾಜಿನಿಂದ 40 ಬೀಜಾಣು ಅಳೆದರು. ಉದ್ದ 17ರಿಂದ 20.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಸರಾಸರಿ 18.7. ಅಗಲ 10.5ರಿಂದ 19.5, ಸರಾಸರಿ 13.9. ಉದ್ದವನ್ನು ಅಗಲದಿಂದ ಭಾಗಿಸಿದರೆ ಸರಾಸರಿ 1.4.

ಈ ಅಂಕಿಗಳನ್ನು ಹಿಡಿದು ಕೀಗೆ ಹೋದರೆ ಅದು ಅಗಲ ಬೀಜಾಣುವಿನ, ಮೊಂಡು ಅಂಡಾಕಾರದ ಪ್ರಭೇದಗಳ ಕಡೆ ತಿರುಗಿಸುತ್ತದೆ. ಹವ್ಯಾಸಿ ಅಲ್ಲಿ ಒಂದು ಹೆಸರನ್ನು ಆರಿಸಿಕೊಂಡೂ ಬಿಟ್ಟಿದ್ದರು. ದುಂಡಗಿನ ಬೀಜಾಣುಗಳ ಬಗ್ಗೆ ಅವರ ವಿವರಣೆ ಹೀಗಿತ್ತು: ಅಂಡಾಕಾರದ ಬೀಜಾಣು ತುದಿಯ ಮೇಲೆ ನಿಂತರೆ ಮೇಲಿನಿಂದ ದುಂಡಗೆ ಕಾಣುತ್ತದೆ, ಅವು ಹಾಗೆ ನಿಂತವು ಇರಬೇಕು. ಕೇಳಲು ಸರಿಯಾಗಿಯೇ ಇದೆ. ಎಷ್ಟೋ ಸಲ ನಿಜವೂ ಹೌದು.

ಮೇಡಂಗೆ ಪಟ್ಟಿ ಕಳಿಸಿದಾಗ ಅವರು ಫೋಟೊ ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ದುಂಡಗಿರೋ ಬೀಜಾಣುವಿನ ಅಡ್ಡಳತೆ ಎಷ್ಟಿದೆ?"

"ಹದಿನೇಳರಿಂದ ಹತ್ತೊಂಬತ್ತೂವರೆ ಮೇಡಂ."

"ಅಂಡಾಕಾರದ್ದರ ಅಗಲ?"

"ಹತ್ತೂವರೆಯಿಂದ ಹದಿಮೂರು."

"ಹಾಗಾದ್ರೆ ಅದು ತುದಿ ಮೇಲೆ ನಿಂತಿದ್ರೆ ಎಷ್ಟು ಕಾಣಬೇಕಿತ್ತು?"

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಂಡಾಕಾರದ ಬೀಜಾಣುವನ್ನು ತುದಿಯಿಂದ ನೋಡಿದರೆ ಕಾಣುವ ವೃತ್ತದ ಅಡ್ಡಳತೆ ಅದರ ಅಗಲದಷ್ಟೇ ಇರಬೇಕು, ಅಂದರೆ 13 ಮೈಕ್ರಾನ್ ದಾಟಬಾರದು. ಇಲ್ಲಿ 17ಕ್ಕಿಂತ ಮೇಲೆ ಇದೆ. ಅಷ್ಟು ದೊಡ್ಡ ವೃತ್ತ ಆ ಬೀಜಾಣುವಿನಿಂದ ಯಾವ ಕೋನದಲ್ಲಿ ನೋಡಿದರೂ ಬರುವುದಿಲ್ಲ. ಅವು ನಿಜವಾಗಿಯೂ ಗೋಲಾಕಾರದ ಬೀಜಾಣುಗಳು.

ಹವ್ಯಾಸಿ ಪಟ್ಟಿಯನ್ನು ಅಗಲದ ಕ್ರಮದಲ್ಲಿ ಮತ್ತೆ ಜೋಡಿಸಿದರು. 27 ಬೀಜಾಣುಗಳ ಅಗಲ 10.5ರಿಂದ 13ರೊಳಗೆ. 13 ಬೀಜಾಣುಗಳದ್ದು 17ರಿಂದ 19.5. ನಡುವೆ ಒಂದೂ ಇಲ್ಲ. ಸರಾಸರಿ ಅಗಲ ಎಂದು ಬಂದ 13.9 ಮೈಕ್ರಾನ್ ಇದೆಯಲ್ಲ, ಅಷ್ಟು ಅಗಲದ ಒಂದೇ ಒಂದು ಬೀಜಾಣು ಆ ಗಾಜಿನ ಮೇಲೆ ಇರಲಿಲ್ಲ. ಎರಡು ಗುಂಪಿನ ಉದ್ದ ಹೆಚ್ಚುಕಡಿಮೆ ಒಂದೇ ಇದ್ದದ್ದರಿಂದ ಉದ್ದದ ಸಾಲು ಚೆನ್ನಾಗಿ ಹೊಂದಿಕೊಂಡು ಕೂತಿತ್ತು, ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ಅಳತೆಯನ್ನು ಸರಾಸರಿ ಮಾಡುವ ಮೊದಲು ಕಾಗದದ ಮೇಲೆ ಚುಕ್ಕೆ ಇಟ್ಟು ನೋಡುವುದಕ್ಕೆ ಎರಡು ನಿಮಿಷ ಸಾಕು. ಉದ್ದ ಒಂದು ಕಡೆ, ಅಗಲ ಇನ್ನೊಂದು ಕಡೆ. ಚುಕ್ಕೆಗಳು ಎರಡು ಗುಂಪಾಗಿ ನಿಂತರೆ ಕಣ್ಣಿಗೇ ಹೊಡೆಯುತ್ತದೆ.

ಇನ್ನೊಂದು ಸುಲಭದ ಪರೀಕ್ಷೆಯನ್ನೂ ಮೇಡಂ ಹೇಳಿಕೊಟ್ಟರು. ನೀರಿನ ಸ್ಲೈಡಿನಲ್ಲಿ ಕವರ್ ಸ್ಲಿಪ್ ಅಂಚನ್ನು ಸೂಜಿಯಿಂದ ಮೆಲ್ಲಗೆ ತಟ್ಟಿದರೆ ಬೀಜಾಣುಗಳು ಉರುಳುತ್ತವೆ. ಅಂಡಾಕಾರದ್ದು ಉರುಳುವಾಗ ಆಕಾರ ಬದಲಿಸುತ್ತದೆ, ಗೋಲಾಕಾರದ್ದು ಹೇಗೆ ಉರುಳಿದರೂ ದುಂಡಗೇ ಇರುತ್ತದೆ. ಅಳತೆಯ ಗೊಡವೆಯೇ ಬೇಡ.

ಯಾರ ಬೀಜಾಣು ಯಾವುದು?

ಒಂದೇ ಅಣಬೆಯಲ್ಲಿ ಎರಡು ಆಕಾರದ ಬೀಜಾಣು ಇರಬಹುದಲ್ವಾ ಎಂದು ಹವ್ಯಾಸಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೊರಬಿದ್ದ ಬೀಜಾಣುಗಳಲ್ಲಿ ಸಿಗುವುದಿಲ್ಲ, ಆಸ್ಕಸ್ ಒಳಗೆ ನೋಡಬೇಕು. ಈ ಕುಲದಲ್ಲಿ ಒಂದು ಆಸ್ಕಸ್‌ನಲ್ಲಿ ಎಂಟು ಬೀಜಾಣು, ಒಂದೇ ಸಾಲಿನಲ್ಲಿ.

ಮೊದಲು ಒಂದು ಬಟ್ಟಲು ತೆಗೆದು ಸ್ಲೈಡ್ ಮಾಡಿದಾಗ ಮತ್ತೆ ಗೊಂದಲವೇ ಆಯಿತು: ಆ ಒಂದೇ ಬಟ್ಟಲಿನ ಸ್ಲೈಡಿನಲ್ಲೂ ಎರಡೂ ಬಗೆಯ ಬೀಜಾಣು ತೇಲುತ್ತಿದ್ದವು. ಕಾರಣ ಡಬ್ಬಿಯೇ. ತಾಜಾ ಬಟ್ಟಲಣಬೆಗಳಿರುವ ಡಬ್ಬಿಯ ಮುಚ್ಚಳ ತೆಗೆದಾಗ ಒಮ್ಮೊಮ್ಮೆ ಸಣ್ಣ ಹೊಗೆ ಎದ್ದಂತೆ ಕಾಣುವುದನ್ನು ನೀವೂ ನೋಡಿರಬಹುದು. ಗಾಳಿಯ ತೇವ ಬದಲಾದ ಕೂಡಲೇ ಸಾವಿರಾರು ಆಸ್ಕಸ್‌ಗಳು ಒಟ್ಟಿಗೆ ಬೀಜಾಣು ಚಿಮ್ಮುತ್ತವೆ. ಅವು ಪಕ್ಕದ ಬಟ್ಟಲಿನ ಮೇಲೂ ಬೀಳುತ್ತವೆ, ಬಿದ್ದರೆ ಅಲ್ಲೇ ಅಂಟಿಕೊಳ್ಳುತ್ತವೆ. ಹಾಗಾಗಿ ಒಂದು ಬಟ್ಟಲಿನ ಮೇಲಿರುವ ಬಿಡಿ ಬೀಜಾಣು ಅದರದ್ದೇ ಎಂದು ಹೇಳಲಾಗದು.

ಇಲ್ಲಿ ಒಂದು ಇಕ್ಕಟ್ಟು ಇದೆ. ಆಸ್ಕಸ್ ಒಳಗಿನ ಬೀಜಾಣು ಯಾರದ್ದು ಎಂಬುದು ಖಚಿತ, ಆದರೆ ಬಲಿತಿದೆಯೋ ಇಲ್ಲವೋ ಗೊತ್ತಿಲ್ಲ. ಹೊರಬಿದ್ದದ್ದು ಬಲಿತದ್ದು ಖಚಿತ, ಯಾರದ್ದು ಎಂದು ಗೊತ್ತಿಲ್ಲ. ಆಕಾರಕ್ಕೆ ಒಳಗಿನದ್ದನ್ನು, ಅಲಂಕಾರಕ್ಕೆ ಹೊರಗಿನದ್ದನ್ನು ನಂಬಿ, ಎರಡನ್ನೂ ಒಂದೇ ಬಟ್ಟಲಿಗೆ ಕಟ್ಟಿ ನೋಡಬೇಕು.

ಡಬ್ಬಿಯಲ್ಲಿ ಉಳಿದಿದ್ದ ಬಟ್ಟಲುಗಳನ್ನು ಹವ್ಯಾಸಿ ಒಂದೊಂದಾಗಿ ಬೇರೆ ಮಾಡಿದರು, ಒಂದೊಂದಕ್ಕೂ ಒಂದು ಸಂಖ್ಯೆ, ಒಂದು ಕಾಗದದ ಪೊಟ್ಟಣ, ಅಡಿಯಲ್ಲಿ ಅಂಟಿದ್ದದ್ದು ಮರವೋ ಮಣ್ಣೋ ಎಂಬ ಟಿಪ್ಪಣಿ. ಪ್ರತಿಯೊಂದರಿಂದ ಅಂಚು ಸೇರಿದ ಒಂದು ಸಣ್ಣ ಸೀಳು ಮಾತ್ರ. ಮರಕ್ಕೆ ಅಂಟಿದ್ದವುಗಳಲ್ಲಿ ಆಸ್ಕಸ್ ಒಳಗೆ ಎಂಟಕ್ಕೆ ಎಂಟೂ ಅಂಡಾಕಾರ. ಮಣ್ಣು ಅಂಟಿದ್ದವು ಎರಡೇ ಉಳಿದಿದ್ದವು, ಎರಡರಲ್ಲೂ ಆಸ್ಕಸ್ ಒಳಗೆ ಎಂಟಕ್ಕೆ ಎಂಟೂ ದುಂಡಗೆ, ಚೀಲ ಅಲ್ಲಲ್ಲಿ ಉಬ್ಬಿದಂತೆ. ಎರಡೂ ಬಗೆ ಬೆರೆತ ಆಸ್ಕಸ್ ಒಂದೂ ಸಿಗಲಿಲ್ಲ.

ಎರಡು ಅಣಬೆ. ಗೇಣು ದೂರದಲ್ಲಿ, ಒಂದೇ ಬಣ್ಣದಲ್ಲಿ, ಒಂದೇ ರೆಪ್ಪೆಯಲ್ಲಿ.

ಕೂದಲು ಕಿತ್ತರೆ ಬೇರು ಹೋಗುತ್ತದೆ

ಈಗ ಕೂದಲಿನ ಹಳೆಯ ಅಳತೆಗಳೂ ಕೆಲಸಕ್ಕೆ ಬರದಾದವು. 400ರಿಂದ 1100 ಮೈಕ್ರಾನ್ ಎಂದು ಬರೆದದ್ದು ಯಾವ ಬಟ್ಟಲಿನದ್ದು ಎಂದು ಗೊತ್ತಿರಲಿಲ್ಲ. ಮತ್ತೆ ಅಳೆಯಲೇಬೇಕಾಯಿತು.

ಸ್ಕುಟೆಲ್ಲೀನಿಯಾದಲ್ಲಿ ಕೂದಲಿನ ಉದ್ದ ಎಷ್ಟು ಮುಖ್ಯವೋ ಬುಡವೂ ಅಷ್ಟೇ ಮುಖ್ಯ. ದಪ್ಪ ಗೋಡೆಯ, ಅಡ್ಡಗೋಡೆಗಳಿರುವ ಈ ಕೂದಲುಗಳು ಬಟ್ಟಲಿನ ತಿರುಳಿನ ಒಳಗೆ ಬೇರಿನಂತೆ ಇಳಿದಿರುತ್ತವೆ. ಕೆಲವು ಪ್ರಭೇದಗಳಲ್ಲಿ ಬುಡ ಸರಳ, ಕೆಲವದರಲ್ಲಿ ಎರಡಾಗಿ, ಕೆಲವದರಲ್ಲಿ ಇನ್ನೂ ಹೆಚ್ಚು ಕವಲು. ಹವ್ಯಾಸಿ ಮೊದಲು ಚಿಮುಟದಿಂದ ಕೂದಲು ಕಿತ್ತು ಸ್ಲೈಡಿಗೆ ಹಾಕಿದ್ದರು. ಹಾಗೆ ಕಿತ್ತಾಗ ಕವಲು ಒಳಗೇ ಮುರಿದು ಉಳಿಯುತ್ತದೆ, ಸ್ಲೈಡಿನಲ್ಲಿ ಸರಳ ಬುಡ ಎಂದು ಕಾಣುತ್ತದೆ. ಅಂಚನ್ನು ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ತೆಳ್ಳಗೆ ಸೀಳಬೇಕು. ಆ ಸೀಳನ್ನು ಸ್ವಲ್ಪ ಒತ್ತಿದರೆ ಬುಡ ಇದ್ದ ಜಾಗದಲ್ಲೇ ಕಾಣುತ್ತದೆ. ಅಂಚಿನ ಕೂದಲನ್ನೂ ಹೊರಮೈಯ ಕೂದಲನ್ನೂ ಬೇರೆ ಬೇರೆ ಬರೆಯಬೇಕು, ಹೊರಮೈಯದ್ದು ಸಾಮಾನ್ಯವಾಗಿ ಗಿಡ್ಡ.

ಮರದ ಬಟ್ಟಲುಗಳಲ್ಲಿ ಅಂಚಿನ ಉದ್ದನೆಯ ಕೂದಲು 1000 ಮೈಕ್ರಾನ್ ದಾಟಿತ್ತು, ಬುಡ ಮೂರು ನಾಲ್ಕು ಕವಲು. ಒಂದೇ ಬಟ್ಟಲಿನ ಮೇಲೆ ಗಾಜು ಇಟ್ಟು ಹೊಸದಾಗಿ ತೆಗೆದ ಬೀಜಾಣು, 30 ಅಳತೆ: 17.5ರಿಂದ 20.5 ಉದ್ದ, 10.5ರಿಂದ 13 ಅಗಲ, ಅನುಪಾತದ ಸರಾಸರಿ 1.6. ಮೈಮೇಲೆ ಒತ್ತೊತ್ತಾದ ಸಣ್ಣ ಗಂಟುಗಳು. ಕೊಳೆತ ಒದ್ದೆ ಮರದ ಮೇಲೆ ಬೆಳೆದದ್ದೂ ಸೇರಿ ಎಲ್ಲವೂ ಸ್ಕುಟೆಲ್ಲೀನಿಯಾ ಸ್ಕುಟೆಲ್ಲಾಟಾಕ್ಕೆ ಹೊಂದುತ್ತದೆ. ಆ್ಯಪ್ ಮೊದಲ ದಿನವೇ ಹೇಳಿದ್ದ ಹೆಸರು! ಅದನ್ನು ಹವ್ಯಾಸಿ ಸ್ವಲ್ಪ ಬೇಸರದಿಂದಲೇ ಹೇಳಿದರು. ಬೇಸರಕ್ಕೆ ಕಾರಣವಿಲ್ಲ ಎಂದು ನನಗನಿಸುತ್ತದೆ. ಅದೇ ಆ್ಯಪ್ ಮಣ್ಣಿನ ಬಟ್ಟಲಿಗೂ ಅದೇ ಹೆಸರನ್ನು ಕೊಡುತ್ತಿತ್ತು.

ಮಣ್ಣಿನದ್ದು

ದುಂಡು ಬೀಜಾಣುವಿನ ಸ್ಕುಟೆಲ್ಲೀನಿಯಾಗಳು ಒಂದಕ್ಕಿಂತ ಹೆಚ್ಚಿವೆ. ಟ್ರೆಕಿಸ್ಪೋರಾ, ಬಾರ್ಲೇ ಎಂಬ ಎರಡು ಪ್ರಭೇದಗಳೂ ಹಾಗೇ. ಅವುಗಳನ್ನು ಬೇರ್ಪಡಿಸಲು ಬೀಜಾಣುವಿನ ಮೈಮೇಲಿನ ಮುಳ್ಳು ಅಥವಾ ಗಂಟಿನ ಆಕಾರ, ಎತ್ತರ, ಕೂದಲಿನ ಉದ್ದ ಎಲ್ಲ ಬೇಕು. ಹವ್ಯಾಸಿ ಕೈಯಲ್ಲಿ ಉಳಿದದ್ದು ಎರಡು ಚಿಕ್ಕ ಬಟ್ಟಲು. ಚಿಕ್ಕ ಬಟ್ಟಲಿನಲ್ಲಿ ಕೂದಲು ಪೂರ್ತಿ ಬೆಳೆದಿರುವುದಿಲ್ಲ, ಆಸ್ಕಸ್ ಒಳಗಿನ ಬೀಜಾಣುಗಳಲ್ಲಿ ಬಹುಪಾಲು ಇನ್ನೂ ನುಣುಪು. ಗಾಜಿನ ಮೇಲಿದ್ದ ಆ 13 ದುಂಡು ಬೀಜಾಣುಗಳು ಬಲಿತವು, ಅವುಗಳಿಗೆ ಒರಟು ಮುಳ್ಳುಗಳಿದ್ದವು, ಆದರೆ ಡಬ್ಬಿಯಲ್ಲಿ ಮಣ್ಣಿನಿಂದ ಬಂದದ್ದು ಒಂದೇ ಪ್ರಭೇದ ಎಂದು ಈಗ ಹೇಳುವುದು ಹೇಗೆ? ಒಮ್ಮೆ ಹಾಗೆ ಅಂದುಕೊಂಡು ಆಗಿದೆ.

ಅಲ್ಲಿಗೇ ವಾಪಸ್ ಹೋದಾಗ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಬಟ್ಟಲುಗಳಿರಲಿಲ್ಲ. ಫೋಟೊಗಳಲ್ಲೂ ಮಣ್ಣಿನದ್ದು ಸಿಗಲಿಲ್ಲ, ದಿಮ್ಮಿಯ ಒಂದು ಚಿತ್ರದ ಮೂಲೆಯಲ್ಲಿ ಮಸುಕಾಗಿ ಎರಡು ಕಿತ್ತಳೆ ಚುಕ್ಕೆ ಬಿಟ್ಟರೆ. ಎರಡೂ ಒಂದೇ ಎಂದುಕೊಂಡಾಗ ಎರಡನೆಯದರ ಫೋಟೊ ಯಾಕೆ ತೆಗೆಯಬೇಕು ಅಲ್ವಾ.

ಮುಂದಿನ ಪ್ರಶ್ನೆ ಉಳಿದ ಎರಡು ಬಟ್ಟಲನ್ನು ಏನು ಮಾಡುವುದು ಎಂಬುದು. ಪೂರ್ತಿ ಸ್ಲೈಡ್ ಮಾಡಿ ಮುಗಿಸಿದರೆ ಇನ್ನೊಂದಿಷ್ಟು ಬಲಿತ ಬೀಜಾಣು ಸಿಗಬಹುದಿತ್ತು, ಹೆಸರಿಗೆ ಹತ್ತಿರ ಹೋಗಬಹುದಿತ್ತು. ಆದರೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಯಾರಾದರೂ ಈ ದಾಖಲೆಯನ್ನು ಮತ್ತೆ ಪರೀಕ್ಷಿಸಬೇಕೆಂದರೆ ಮಾದರಿಯೇ ಇರುವುದಿಲ್ಲ. ಮೇಡಂ ನಿರ್ಧಾರವನ್ನು ಅವರಿಗೇ ಬಿಟ್ಟರು. ಹವ್ಯಾಸಿ ಒಂದನ್ನು ಪೂರ್ತಿ ನೋಡಿ ಮುಗಿಸಿ, ಇನ್ನೊಂದರಿಂದ ಇನ್ನೇನನ್ನೂ ತೆಗೆಯದೆ ಒಣಗಿಸಿ ಇಟ್ಟರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಸ್ಕುಟೆಲ್ಲೀನಿಯಾ ಒಣಗಿದ ಮೇಲೂ ಕೂದಲು ಮತ್ತು ಬಲಿತ ಬೀಜಾಣುವಿನ ಅಲಂಕಾರವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ, ಕಳೆದುಹೋಗುವುದು ಬಣ್ಣ ಮತ್ತು ಜೀವಂತ ಕೋಶದ ಒಳಗಿನ ವಿವರ.

ಡಿಎನ್ಎ ಮಾಡಿಸಿದರೆ ಮುಗಿಯಿತಲ್ಲ ಎಂದು ಒಬ್ಬರು ಹೇಳಿದ್ದರಂತೆ. ಸಿಗುವ ಉತ್ತರ ಯಾವ ಅಣಬೆಯದ್ದು ಎಂಬುದೇ ಇಲ್ಲಿನ ಸಮಸ್ಯೆ. ಆ ಒಣ ಬಟ್ಟಲಿನ ಮೇಲ್ಮೈಯಲ್ಲಿ ಪಕ್ಕದ ಅಣಬೆಯ ಬೀಜಾಣು ಅಂಟಿವೆ. ಮಾಡಿಸುವುದಾದರೆ ಮೇಲ್ಮೈ ಮುಟ್ಟದೆ ಒಳಗಿನ ತಿರುಳಿನ ಚೂರು ತೆಗೆಯಬೇಕು, ಅದಕ್ಕೆ ಇರುವ ಒಂದೇ ಬಟ್ಟಲನ್ನು ಕತ್ತರಿಸಬೇಕು. ಸದ್ಯಕ್ಕೆ ಬೇಡ ಎಂದಾಯಿತು.

ಒಂದು ದಾಖಲೆಯನ್ನು ಎರಡಾಗಿ ಒಡೆದರು. ಮೊದಲನೆಯದು ಸ್ಕುಟೆಲ್ಲೀನಿಯಾ ಸ್ಕುಟೆಲ್ಲಾಟಾ, ಮರದ ಮೇಲೆ, ಫೋಟೊ ಮತ್ತು ಒಂದೇ ಬಟ್ಟಲಿನ ಅಳತೆಗಳ ಸಮೇತ. ಎರಡನೆಯದರ ಚೀಟಿಯಲ್ಲಿ ಹೀಗಿದೆ: "ಸ್ಕುಟೆಲ್ಲೀನಿಯಾ, ಪ್ರಭೇದ ಖಚಿತವಿಲ್ಲ. ಆಸ್ಕಸ್ ಒಳಗಿನ ಬೀಜಾಣು ಗೋಲಾಕಾರ. ಒದ್ದೆ ಮಣ್ಣು. ಬೇರೆ ಪ್ರಭೇದದ ಜೊತೆ ಒಂದೇ ಡಬ್ಬಿಯಲ್ಲಿ ಇತ್ತು, ಮೇಲ್ಮೈಯ ಬಿಡಿ ಬೀಜಾಣು ನಂಬಬೇಡಿ." ಕೊನೆಯ ಸಾಲನ್ನು ಬರೆಯಲು ಹೇಳಿದ್ದು ಮೇಡಂ. ಈಗ ಹವ್ಯಾಸಿಯ ಚೀಲದಲ್ಲಿ ದೊಡ್ಡ ಡಬ್ಬಿಯ ಬದಲು ಮನೆಮನೆಯಾಗಿರುವ ಸಣ್ಣ ಮಾತ್ರೆ ಡಬ್ಬಿ ಇದೆ, ಒಂದೊಂದು ಮನೆಗೂ ಮುಚ್ಚಳ ಬೇರೆ. ಮಣ್ಣು ಮತ್ತೆ ಒದ್ದೆಯಾದಾಗ ಮೊದಲು ನೋಡಬೇಕಾದ ಜಾಗ ಎಂದು ದಿಮ್ಮಿಯ ಕೆಳಭಾಗವನ್ನು ಗುರುತು ಹಾಕಿಕೊಂಡಿದ್ದಾರೆ.